ಬ್ರಯಾನ್ ಮೇ ಅವರ ನಾದ ಎಲ್ಲಿಂದ ಬರುತ್ತದೆ: ಒಂದು ಗಿಟಾರ್, ಒಂದು ಬೂಸ್ಟರ್, ಒಂದು ಆಂಪ್ಲಿಫೈಯರ್

ಪ್ರಶ್ನೆ: ನಾನು ಕೆಲವು ವರ್ಷಗಳಿಂದ ಎಲೆಕ್ಟ್ರಿಕ್ ಗಿಟಾರ್ ಅಭ್ಯಾಸ ಮಾಡುತ್ತಿದ್ದೇನೆ. ಕ್ವೀನ್ ತಂಡದ ಬ್ರಯಾನ್ ಮೇ ಅವರ ಗಿಟಾರ್ ಧ್ವನಿ ಬೇರೆ ಯಾರ ಧ್ವನಿಯಂತೆಯೂ ಇಲ್ಲ. ಅವರು ತಮ್ಮ ಗಿಟಾರನ್ನು ತಂದೆಯ ಜೊತೆ ಮನೆಯಲ್ಲೇ ಮಾಡಿಕೊಂಡರು ಎಂದು ಕೇಳಿದ್ದೇನೆ. 'ಗುಡ್ ಕಂಪನಿ' ಹಾಡಿನಲ್ಲಿ ಕೇಳಿಸುವ ತುತ್ತೂರಿ, ಕ್ಲಾರಿನೆಟ್‌ಗಳು ಕೂಡ ಗಿಟಾರಿನವೇ ಎಂದು ಸ್ನೇಹಿತರು ಹೇಳುತ್ತಾರೆ. ಇದು ನಿಜವೇ? ಅವರು ಬಳಸುವ ಗಿಟಾರ್ ಮತ್ತು ಆಂಪ್ಲಿಫೈಯರ್ ಯಾವುವು? ಆ ಗಿಟಾರಿನ ಪ್ರತಿಕೃತಿಯೊಂದನ್ನು ಕೊಂಡರೆ ಅಂಥ ಧ್ವನಿ ನನಗೂ ಸಿಗುತ್ತದೆಯೇ?

ಉತ್ತರ: ನೀವು ಕೇಳಿರುವ ಎರಡೂ ಸಂಗತಿಗಳು ನಿಜ. ಕೊನೆಯ ಪ್ರಶ್ನೆಗೆ ಮಾತ್ರ ನೇರವಾಗಿ 'ಇಲ್ಲ' ಎಂದೇ ಹೇಳಬೇಕಾಗುತ್ತದೆ. ಮೇ ಅವರ ನಾದ ಗಿಟಾರ್ ಒಂದರಲ್ಲೇ ಅಡಗಿಲ್ಲ. ಗಿಟಾರ್, ಮೇಲಿನ ಆವೃತ್ತಿಗಳನ್ನು ಹಿಗ್ಗಿಸುವ ಟ್ರೆಬಲ್ ಬೂಸ್ಟರ್ ಎಂಬ ಚಿಕ್ಕ ಪೆಟ್ಟಿಗೆ, ವಾಕ್ಸ್ ಕಂಪನಿಯ ಎಸಿ30 ಆಂಪ್ಲಿಫೈಯರ್ ಈ ಮೂರೂ ಒಂದರ ಕೊರತೆಯನ್ನು ಇನ್ನೊಂದು ತುಂಬುವಂತೆ ಕೂಡಿದಾಗ ಮಾತ್ರ ಅದು ಹುಟ್ಟುತ್ತದೆ. ಈ ಮೂರರಲ್ಲಿ ಯಾವುದನ್ನೇ ಪ್ರತ್ಯೇಕವಾಗಿ ತೆಗೆದುಕೊಂಡು ಬೇರೊಂದು ವ್ಯವಸ್ಥೆಗೆ ಜೋಡಿಸಿದರೆ ಸಿಗುವ ಫಲಿತಾಂಶ ಸಾಧಾರಣವಾಗಿರುತ್ತದೆ; ಕೆಲವೊಮ್ಮೆ ಕರ್ಕಶವಾಗಿಯೂ ಇರುತ್ತದೆ. ಏಕೆ ಹೀಗೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ನೋಡೋಣ.

ಮೊದಲು ಗಿಟಾರ್. ಬ್ರಯಾನ್ ಮೇ 1947ರಲ್ಲಿ ಲಂಡನ್ ಸಮೀಪದ ಹ್ಯಾಂಪ್ಟನ್‌ನಲ್ಲಿ ಜನಿಸಿದರು. ತಂದೆ ಹೆರಾಲ್ಡ್ ಮೇ ಎಲೆಕ್ಟ್ರಾನಿಕ್ಸ್ ಬಲ್ಲ ತಂತ್ರಜ್ಞರು. ಮನೆಗೆ ಬೇಕಾದ ವಸ್ತುಗಳನ್ನು ಕೊಳ್ಳುವುದಕ್ಕಿಂತ ಸ್ವತಃ ಮಾಡಿಕೊಳ್ಳುವ ಸ್ವಭಾವದವರು. ಹುಡುಗನಿಗೆ ಏಳನೆಯ ಹುಟ್ಟುಹಬ್ಬಕ್ಕೆ ಒಂದು ಅಗ್ಗದ ಅಕೂಸ್ಟಿಕ್ ಗಿಟಾರ್ ಸಿಕ್ಕಿತ್ತು. ಹದಿಹರೆಯಕ್ಕೆ ಬರುವ ಹೊತ್ತಿಗೆ ಅಮೆರಿಕದ ಫೆಂಡರ್, ಗಿಬ್ಸನ್ ಗಿಟಾರ್‌ಗಳ ಮೇಲೆ ಆಸೆ ಹುಟ್ಟಿತಾದರೂ ಅವುಗಳ ಬೆಲೆ ಆ ಕುಟುಂಬದ ಕೈಗೆಟುಕುವಂತಿರಲಿಲ್ಲ. 1963ರ ಆಗಸ್ಟ್‌ನಲ್ಲಿ ತಂದೆ-ಮಗ ಇಬ್ಬರೂ ಸೇರಿ ಮನೆಯಲ್ಲೇ ಗಿಟಾರ್ ಕಟ್ಟಲು ಕುಳಿತರು, ಅದು ಮುಗಿದದ್ದು 1964ರ ಕೊನೆಯ ಭಾಗದಲ್ಲಿ. ವಾದ್ಯಕ್ಕೆ ತಗಲಿದ ಒಟ್ಟು ಖರ್ಚು ಸುಮಾರು ಎಂಟು ಪೌಂಡ್ ಎಂದು ಮೇ ಹೇಳುತ್ತ ಬಂದಿದ್ದಾರೆ. ಬಣ್ಣದಿಂದಾಗಿ ಇದಕ್ಕೆ 'ರೆಡ್ ಸ್ಪೆಷಲ್' ಎಂಬ ಹೆಸರು ಬಂತು. ಮೇ ಪ್ರೀತಿಯಿಂದ ಕರೆಯುವುದು 'ಓಲ್ಡ್ ಲೇಡಿ' ಎಂದು.

ಈ ಗಿಟಾರಿನ ಸಾಮಗ್ರಿಗಳ ಪಟ್ಟಿ ಜನಪ್ರಿಯ ಕಥೆಯಾಗಿಬಿಟ್ಟಿದೆ. ಆದರೆ ಪ್ರತಿಯೊಂದು ಆಯ್ಕೆಯ ಹಿಂದೆಯೂ ಇದ್ದ ಲೆಕ್ಕಾಚಾರವನ್ನು ಹೇಳುವವರು ಕಡಿಮೆ. ನೆಕ್ ಮಾಡಿದ್ದು ನೂರು ವರ್ಷಕ್ಕೂ ಹಳೆಯದಾದ, ಬೆಂಕಿಗೂಡಿನ ಚೌಕಟ್ಟಿಗೆ ಬಳಸಿದ್ದ ಮಹಾಗನಿ ಮರದಿಂದ. ಅದರಲ್ಲಿ ಹುಳು ಕೊರೆದ ತೂತುಗಳಿದ್ದವು. ಅವನ್ನು ಬೆಂಕಿಕಡ್ಡಿಗಳಿಂದ ತುಂಬಿದರು. ಅಷ್ಟು ಹಳೆಯ ಮರ ಪೂರ್ತಿ ಒಣಗಿರುವುದರಿಂದ ಅದು ಮತ್ತೆ ಬಾಗುವ ಭಯ ಕಡಿಮೆ. ಒಡಲಿನ ನಡುಭಾಗಕ್ಕೆ ಹಳೆಯ ಮೇಜಿನ ಓಕ್ ಮರ, ಸುತ್ತಲ ಭಾಗಕ್ಕೆ ಮರದ ತುಂಡುಗಳನ್ನು ಅಂಟಿಸಿ ಮಾಡಿದ ಸಾಮಾನ್ಯ ಹಲಗೆ (ಬ್ಲಾಕ್‌ಬೋರ್ಡ್), ಮೇಲೆ ಹೊದಿಸಿದ್ದು ತೆಳುವಾದ ಮಹಾಗನಿ ಪದರ. ಬೆರಳಿಡುವ ಹಲಗೆಯಾದ ಫ್ರೆಟ್‌ಬೋರ್ಡ್ ಕೂಡ ಓಕ್, ಅದಕ್ಕೆ ಕಪ್ಪು ಬಣ್ಣ. ಅದರ ಮೇಲಿನ ಬಿಳಿ ಚುಕ್ಕೆಗಳು ತಾಯಿಯ ಹೊಲಿಗೆ ಪೆಟ್ಟಿಗೆಯಲ್ಲಿದ್ದ ಮುತ್ತಿನ ಚಿಪ್ಪಿನ ಗುಂಡಿಗಳು. ಹೊರಗಿನಿಂದ ನೋಡುವವರಿಗೆ ಗಟ್ಟಿ ಒಡಲಿನ ಗಿಟಾರಿನಂತೆ ಕಂಡರೂ ಒಳಗೆ ಟೊಳ್ಳು ಜಾಗಗಳಿವೆ. ಹೊರಗೆ ಒಂದು ರಂಧ್ರವನ್ನೂ ಕೊರೆಯುವ ಯೋಜನೆ ಮೊದಲಿತ್ತು, ಅದು ಕೈಗೂಡಲಿಲ್ಲ. ಈ ಟೊಳ್ಳು ಆಕಸ್ಮಿಕವಲ್ಲ: ಆಂಪ್ಲಿಫೈಯರಿನ ಮುಂದೆ ನಿಂತಾಗ ಸ್ಪೀಕರಿನ ಕಂಪನ ಗಿಟಾರಿನ ಒಡಲನ್ನು ತಟ್ಟಿ, ತಂತಿಯನ್ನು ಮತ್ತೆ ನುಡಿಸಿ, ಸ್ವರ ಆರದೆ ನಿಲ್ಲಬೇಕು ಎಂಬುದು ಅವರ ಉದ್ದೇಶವಾಗಿತ್ತು. ಫೀಡ್‌ಬ್ಯಾಕನ್ನು ಇತರರು ತೊಂದರೆಯೆಂದು ತಿಳಿದಿದ್ದ ಕಾಲದಲ್ಲಿ ಹದಿನಾರರ ಹುಡುಗನೊಬ್ಬ ಅದನ್ನೇ ಬಯಸಿ ವಾದ್ಯವನ್ನು ರೂಪಿಸಿದ್ದು ನನಗೆ ಇಂದಿಗೂ ಬೆರಗಿನ ಸಂಗತಿ.

ತಂತಿಯ ಕಂಪಿಸುವ ಉದ್ದ 24 ಇಂಚು. ಸಾಮಾನ್ಯ ಫೆಂಡರ್ ಗಿಟಾರ್‌ಗಳಲ್ಲಿ ಇದು 25.5 ಇಂಚು. ಉದ್ದ ಕಡಿಮೆಯಾದಷ್ಟೂ ಅದೇ ಶ್ರುತಿಗೆ ಬೇಕಾದ ಬಿಗಿತ ಕಡಿಮೆಯಾಗುತ್ತದೆ. ಹಾಗಾಗಿ ತಂತಿಯನ್ನು ಎಳೆದು ಸ್ವರವನ್ನು ಏರಿಸುವುದು ಸುಲಭ, ಬೆರಳಿನ ನಡುಕವೂ ಸ್ಪಷ್ಟವಾಗಿ ಕೇಳಿಸುತ್ತದೆ. ಮೇ ಅವರ ಸೋಲೋಗಳಲ್ಲಿ ನಿಮಗೆ ಹಾಡುಗಾರಿಕೆಯ ಗುಣ ಕಂಡಿದ್ದರೆ, ಅದರ ಒಂದು ಪಾಲು ಈ ಅಳತೆಯಿಂದ ಬಂದದ್ದು.

ಯಂತ್ರಶಾಸ್ತ್ರದ ದೃಷ್ಟಿಯಿಂದ ಇಡೀ ಗಿಟಾರಿನಲ್ಲಿ ಹೆಚ್ಚು ಜಾಣತನ ಕಾಣುವುದು ಟ್ರೆಮೊಲೊದಲ್ಲಿ. ಟ್ರೆಮೊಲೊ ಎಂದರೆ ಸನ್ನೆಕೋಲನ್ನು ಒತ್ತಿ ಎಲ್ಲ ತಂತಿಗಳ ಬಿಗಿತವನ್ನು ಒಮ್ಮೆಗೇ ಸಡಿಲಿಸುವ ವ್ಯವಸ್ಥೆ. ಆ ಕಾಲದ ಬಹುತೇಕ ಟ್ರೆಮೊಲೊಗಳ ದೋಷವೆಂದರೆ ಒಮ್ಮೆ ಒತ್ತಿ ಬಿಟ್ಟ ಮೇಲೆ ತಂತಿಗಳು ಮೊದಲಿನ ಶ್ರುತಿಗೆ ಮರಳುತ್ತಿರಲಿಲ್ಲ. ಇದಕ್ಕೆ ಕಾರಣ ಘರ್ಷಣೆ: ತಂತಿ ಬ್ರಿಡ್ಜಿನ (ಒಡಲ ಮೇಲಿನ ಕುದುರೆಯ) ಮೇಲೆ, ನೆಕ್ಕಿನ ತುದಿಯ 'ನಟ್' ಎಂಬ ಪಟ್ಟಿಯ ಸೀಳಿನಲ್ಲಿ, ಸನ್ನೆಯ ತಿರುಗುಬಿಂದುವಿನಲ್ಲಿ ಎಲ್ಲೋ ಒಂದು ಕಡೆ ಸಿಕ್ಕಿಕೊಳ್ಳುತ್ತದೆ. ಮೇ ಮತ್ತು ಅವರ ತಂದೆ ಈ ಮೂರು ಜಾಗಗಳನ್ನೂ ಒಂದೊಂದಾಗಿ ಎದುರಿಸಿದರು. ಇಡೀ ಟ್ರೆಮೊಲೊ ಗಟ್ಟಿಗೊಳಿಸಿದ ಉಕ್ಕಿನ ಅಲಗಿನ ಅಂಚಿನ ಮೇಲೆ ತಕ್ಕಡಿಯಂತೆ ತೂಗುತ್ತದೆ. ತಂತಿಗಳ ಎಳೆತಕ್ಕೆ ಎದುರಾಗಿ ನಿಲ್ಲಲು 1928ರ ಪ್ಯಾಂಥರ್ ಮೋಟಾರ್‌ಸೈಕಲ್ಲಿನ ಎರಡು ವಾಲ್ವ್ ಸ್ಪ್ರಿಂಗ್‌ಗಳನ್ನು ಹಾಕಿದರು. ಬ್ರಿಡ್ಜಿನ ಮೇಲೆ ಪ್ರತಿ ತಂತಿಗೂ ಉರುಳುವ ಚಿಕ್ಕ ರೋಲರ್ ಇದೆ, ತಂತಿ ಜಾರುವಾಗ ಅದೂ ಜೊತೆಗೆ ಉರುಳುತ್ತದೆ. ನೆಕ್ಕಿನ ತುದಿಯಲ್ಲಿ ತಂತಿಯ ಭಾರವನ್ನು ಹೊರುವುದು ನಟ್ ಅಲ್ಲ, 'ಝೀರೋ ಫ್ರೆಟ್' ಎಂಬ ಹೆಚ್ಚುವರಿ ಫ್ರೆಟ್. ಅಲ್ಲಿಂದ ತಂತಿಗಳು ಅಡ್ಡ ತಿರುಗದೆ ನೇರವಾಗಿ ಬಿರಡೆಗಳಿಗೆ ಹೋಗುತ್ತವೆ. ಸನ್ನೆಯ ಕಡ್ಡಿ ಸೈಕಲ್ ಚೀಲವನ್ನು ಹಿಡಿಯುವ ಕಂಬಿಯಿಂದ ಬಂದದ್ದು, ಅದರ ತುದಿಯ ಹಿಡಿ ತಾಯಿಯ ಹೆಣಿಗೆ ಕಡ್ಡಿಯ ತುಂಡು. ಅಲಗಿನ ಅಂಚು, ಉರುಳುವ ಬ್ರಿಡ್ಜ್ ಇತ್ಯಾದಿಗಳಿಂದ ಶ್ರುತಿಯನ್ನು ಕಾಪಾಡುವ ಚಿಂತನೆ ಕಾರ್ಖಾನೆಯ ಗಿಟಾರ್‌ಗಳಲ್ಲಿ ವ್ಯಾಪಕವಾಗಲು ಇನ್ನೂ ಹಲವು ವರ್ಷ ಬೇಕಾಯಿತು. ಮೇ ಮುಂದೆ ಇಂಪೀರಿಯಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಓದಿದರು, ನಡುವೆ ಬಿಟ್ಟಿದ್ದ ಖಗೋಳಶಾಸ್ತ್ರದ ಸಂಶೋಧನೆಯನ್ನು 2007ರಲ್ಲಿ ಪೂರ್ಣಗೊಳಿಸಿ ಡಾಕ್ಟರೇಟ್ ಪಡೆದರು. ಆ ಮನೋಧರ್ಮ ಶಾಲೆಯ ದಿನಗಳಲ್ಲೇ ಇತ್ತೆಂಬುದಕ್ಕೆ ಈ ಟ್ರೆಮೊಲೊ ಸಾಕ್ಷಿ.

ಇನ್ನು ಪಿಕಪ್‌ಗಳು, ಅಂದರೆ ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಅಯಸ್ಕಾಂತ-ಸುರುಳಿಗಳು. ನಾದದ ವಿಷಯದಲ್ಲಿ ಮರಕ್ಕಿಂತ ಇವುಗಳ ಪಾತ್ರ ದೊಡ್ಡದು ಎಂಬುದು ನನ್ನ ಅಭಿಪ್ರಾಯ. ಮರದ ಬಗ್ಗೆ ಗಿಟಾರ್ ಪ್ರಿಯರು ನಡೆಸುವ ಚರ್ಚೆಗಳಲ್ಲಿ ಅರ್ಧದಷ್ಟು ಉತ್ಸಾಹವನ್ನಾದರೂ ಪಿಕಪ್ಪಿನ ಜೋಡಣೆಗೆ ಮೀಸಲಿಟ್ಟರೆ ಒಳ್ಳೆಯದು. ಮೇ ಮೊದಲು ಅಯಸ್ಕಾಂತಗಳನ್ನು ಕೊಂಡು, ತಂತಿ ಸುತ್ತುವ ಯಂತ್ರವನ್ನೂ ತಾವೇ ಮಾಡಿಕೊಂಡು ಪಿಕಪ್‌ಗಳನ್ನು ತಯಾರಿಸಿದ್ದರು. ಅವುಗಳ ಧ್ವನಿ ಚೆನ್ನಾಗಿತ್ತು. ಆದರೆ ಪಕ್ಕಪಕ್ಕದ ಅಯಸ್ಕಾಂತಗಳ ಧ್ರುವಗಳು ಒಂದಕ್ಕೊಂದು ವಿರುದ್ಧವಾಗಿದ್ದುದರಿಂದ ತಂತಿಯನ್ನು ಅಡ್ಡಲಾಗಿ ಎಳೆದಾಗ ಬೇಡದ ಸದ್ದು ಬರುತ್ತಿತ್ತು. ಕೊನೆಗೆ ಬರ್ನ್ಸ್ ಕಂಪನಿಯ 'ಟ್ರೈಸಾನಿಕ್' ಪಿಕಪ್‌ಗಳು ಮೂರನ್ನು ಕೊಂಡು ಹಾಕಿದರು. ಇವುಗಳಲ್ಲಿ ಪ್ರತಿ ತಂತಿಗೂ ಬೇರೆ ಬೇರೆ ಅಯಸ್ಕಾಂತದ ಮೊಳೆಗಳಿಲ್ಲ, ಉದ್ದನೆಯ ಪಟ್ಟಿಯಂಥ ಅಯಸ್ಕಾಂತಗಳಿವೆ. ಹಾಗಾಗಿ ತಂತಿಯನ್ನು ಎಷ್ಟು ಎಳೆದರೂ ಸದ್ದು ಕುಗ್ಗುವುದಿಲ್ಲ. ಸುರುಳಿಗಳು ಜೋರು ಧ್ವನಿಯಲ್ಲಿ ತಾವೇ ನಡುಗಿ ಕೀರಲು ದನಿ ಮಾಡದಿರಲೆಂದು ಅವುಗಳೊಳಗೆ ಅರಾಲ್ಡೈಟ್ ಅಂಟನ್ನು ತುಂಬಿದರು. ಅದೇ ಅರಾಲ್ಡೈಟ್ ನಮ್ಮಲ್ಲೂ ಯಾವ ಹಾರ್ಡ್‌ವೇರ್ ಅಂಗಡಿಯಲ್ಲಾದರೂ ಸಿಗುತ್ತದೆ.

ಮೂರು ಪಿಕಪ್‌ಗಳ ಜೋಡಣೆಯೇ ಇಲ್ಲಿ ಮುಖ್ಯ ವಿಷಯ. ಸಾಮಾನ್ಯ ಗಿಟಾರ್‌ಗಳಲ್ಲಿ ಎರಡು ಪಿಕಪ್‌ಗಳನ್ನು ಒಟ್ಟಿಗೆ ಬಳಸುವಾಗ ಅವು ಸಮಾಂತರವಾಗಿ ಕೂಡಿಕೊಳ್ಳುತ್ತವೆ. ರೆಡ್ ಸ್ಪೆಷಲ್‌ನಲ್ಲಿ ಅವು ಸರಣಿಯಲ್ಲಿ ಕೂಡಿಕೊಳ್ಳುತ್ತವೆ. ಸರಣಿಯಲ್ಲಿ ಎರಡರ ವೋಲ್ಟೇಜ್ ಸೇರುವುದರಿಂದ ಸಂಕೇತ ಬಲವಾಗುತ್ತದೆ. ಜೊತೆಗೆ ಸುರುಳಿಗಳ ಇಂಡಕ್ಟೆನ್ಸ್ ಹೆಚ್ಚಿ ತೀರಾ ಮೇಲಿನ ಆವೃತ್ತಿಗಳು ಮೆತ್ತಗಾಗಿ ನಡುಭಾಗ ತುಂಬಿಕೊಳ್ಳುತ್ತದೆ. ಪ್ರತಿ ಪಿಕಪ್ಪಿಗೂ ಎರಡೆರಡು ಸ್ವಿಚ್‌ಗಳಿವೆ: ಒಂದು ಆ ಪಿಕಪ್ಪನ್ನು ಹಚ್ಚಲು-ಆರಿಸಲು, ಇನ್ನೊಂದು ಅದರ ಫೇಸ್ (ಸಂಕೇತ ಏರಿಳಿಯುವ ದಿಕ್ಕು) ತಿರುಗಿಸಲು. ಎರಡು ಪಿಕಪ್‌ಗಳ ಫೇಸ್ ಒಂದೇ ಆಗಿದ್ದಾಗ ಅವುಗಳ ಸಂಕೇತ ಕೂಡುತ್ತದೆ. ಒಂದರ ಫೇಸ್ ತಿರುಗಿಸಿದರೆ ಎರಡರಲ್ಲೂ ಸಮಾನವಾಗಿರುವ ಮೂಲಸ್ವರದ ಭಾಗ ಪರಸ್ಪರ ಕಳೆದುಹೋಗಿ, ಎರಡರ ನಡುವಿನ ವ್ಯತ್ಯಾಸ, ಅಂದರೆ ಮೇಲಿನ ಹಾರ್ಮೋನಿಕ್‌ಗಳು ಮಾತ್ರ ಉಳಿಯುತ್ತವೆ. ಆಗ ಧ್ವನಿ ತೆಳ್ಳಗಾಗಿ, ಮೂಗಿನಿಂದ ಬಂದಂತೆ ಚೂಪಾಗಿ ಕೇಳಿಸುತ್ತದೆ. ಅದನ್ನು ಹೆಚ್ಚು ಡಿಸ್ಟಾರ್ಷನ್ (ಸಂಕೇತ ಮಿತಿ ಮೀರಿ ಒಡೆಯುವುದು) ಇರುವ ಆಂಪ್ಲಿಫೈಯರಿಗೆ ಕೊಟ್ಟಾಗ ಕಿರುಚುವ, ಆದರೆ ಸ್ಪಷ್ಟವಾದ ಸ್ವರ ಹುಟ್ಟುತ್ತದೆ. ಮೇ ಹೆಚ್ಚಾಗಿ ಬಳಸುವುದು ಬ್ರಿಡ್ಜ್ ಮತ್ತು ನಡುವಿನ ಪಿಕಪ್‌ಗಳನ್ನು ಒಂದೇ ಫೇಸ್‌ನಲ್ಲಿ ಸೇರಿಸಿದ ಧ್ವನಿಯನ್ನು. ನಡುವಿನ ಪಿಕಪ್ಪಿನ ಸುರುಳಿ ಮತ್ತು ಧ್ರುವ ಎರಡೂ ಉಳಿದವಕ್ಕೆ ವಿರುದ್ಧವಾಗಿರುವುದರಿಂದ ಈ ಜೋಡಿಯಲ್ಲಿ ವಿದ್ಯುತ್ ಗುಂಯ್‌ಗುಡುವಿಕೆಯೂ ಕಳೆದುಹೋಗುತ್ತದೆ. ಇಷ್ಟೆಲ್ಲ ಸ್ವಿಚ್‌ಗಳಿದ್ದರೂ ಒಟ್ಟು ಗಿಟಾರಿಗೆ ಒಂದೇ ವಾಲ್ಯೂಮ್ ಗುಂಡಿ, ಒಂದೇ ಟೋನ್ ಗುಂಡಿ.

ತಂತಿಯನ್ನು ಮೀಟಲು ಅವರು ಬಳಸುವುದು ಪ್ಲಾಸ್ಟಿಕ್ ಪಿಕ್ ಅಲ್ಲ, ಬ್ರಿಟನ್ನಿನ ಹಳೆಯ ಆರು ಪೆನ್ಸ್ ನಾಣ್ಯ. ಬಾಗದ ಲೋಹವಾದ್ದರಿಂದ ಬೆರಳಿನ ಒತ್ತಡ ಪೂರ್ತಿಯಾಗಿ ತಂತಿಗೆ ತಲುಪುತ್ತದೆ. ಅಂಚಿನ ಗೀರುಗಳು ತಂತಿಯನ್ನು ತರಚಿ ಸ್ವರದ ಆರಂಭದಲ್ಲಿ ವ್ಯಂಜನದಂಥ ಒಂದು ಸದ್ದನ್ನು ಕೊಡುತ್ತವೆ. ನಾಣ್ಯವನ್ನು ಎಷ್ಟು ಓರೆಯಾಗಿ ಹಿಡಿಯುತ್ತೇವೆ ಎಂಬುದರ ಮೇಲೆ ಈ ಸದ್ದು ಏರಿಳಿಯುತ್ತದೆ. ಆ ನಾಣ್ಯ ತಾಮ್ರ-ನಿಕ್ಕಲ್ ಮಿಶ್ರಲೋಹದ್ದು, ವ್ಯಾಸ 19 ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚು. ಇಲ್ಲಿ ನಿಮಗೊಂದು ಸುಲಭದ ದಾರಿಯಿದೆ: ಸ್ಟೀಲ್ ನಾಣ್ಯಗಳು ಬರುವುದಕ್ಕೆ ಮೊದಲು ಚಲಾವಣೆಯಲ್ಲಿದ್ದ ನಮ್ಮ ತಾಮ್ರ-ನಿಕ್ಕಲ್ ನಾಲ್ಕಾಣೆ ಹೆಚ್ಚುಕಡಿಮೆ ಅದೇ ಅಳತೆಯದು, ಅದರ ಅಂಚಿನಲ್ಲೂ ಗೀರುಗಳಿವೆ. ನಂತರದ ಸ್ಟೀಲ್ ನಾಲ್ಕಾಣೆ ಇನ್ನೂ ಗಡುಸು, ತಂತಿಯನ್ನು ಬೇಗ ಸವೆಸುತ್ತದೆ.

ಈಗ ಆಂಪ್ಲಿಫೈಯರ್. ಅರವತ್ತರ ದಶಕದ ಕೊನೆಯಲ್ಲಿ ಮೇ ಇನ್ನೂ ವಿದ್ಯಾರ್ಥಿಯಾಗಿದ್ದಾಗ, ಟೇಸ್ಟ್ ತಂಡದ ಐರಿಷ್ ಗಿಟಾರ್ ವಾದಕ ರೋರಿ ಗ್ಯಾಲಹರ್ ಅವರ ಕಛೇರಿ ಕೇಳಲು ಹೋಗಿದ್ದರು. ಕಛೇರಿ ಮುಗಿದ ಮೇಲೆ ಕಾದು ನಿಂತು, ಈ ಧ್ವನಿ ಹೇಗೆ ಬರುತ್ತದೆ ಎಂದು ಅವರನ್ನೇ ಕೇಳಿದರು. ಗ್ಯಾಲಹರ್ ಮುಚ್ಚುಮರೆಯಿಲ್ಲದೆ ತೋರಿಸಿದ್ದು ಎರಡು ವಸ್ತುಗಳನ್ನು: ವಾಕ್ಸ್ ಎಸಿ30 ಆಂಪ್ಲಿಫೈಯರ್, ಮತ್ತು ಅದರ ಮೇಲಿಟ್ಟಿದ್ದ ಡಲ್ಲಾಸ್ ಕಂಪನಿಯ 'ರೇಂಜ್‌ಮಾಸ್ಟರ್' ಎಂಬ ಟ್ರೆಬಲ್ ಬೂಸ್ಟರ್. ಮೇ ಹಳೆಯ ಎಸಿ30ಗಳನ್ನು ಹುಡುಕಿ ಕೊಂಡರು, ಬೂಸ್ಟರಿನ ಜೊತೆ ಜೋಡಿಸಿದರು. ತಾವು ಹುಡುಕುತ್ತಿದ್ದ ಧ್ವನಿ ಅಲ್ಲೇ ಸಿಕ್ಕಿತು ಎಂದು ಅವರು ಹಲವು ಸಂದರ್ಶನಗಳಲ್ಲಿ ಕೃತಜ್ಞತೆಯಿಂದ ನೆನೆದಿದ್ದಾರೆ. ಅಂದಿನಿಂದ ಇಂದಿನವರೆಗೆ ಈ ಜೋಡಿ ಮೂಲಭೂತವಾಗಿ ಬದಲಾಗಿಲ್ಲ.

ಎಸಿ30ರ ಮೂಲ ಇಂಗ್ಲೆಂಡಿನ ಡಾರ್ಟ್‌ಫರ್ಡ್‌ನಲ್ಲಿದ್ದ ಜೆನ್ನಿಂಗ್ಸ್ ಕಂಪನಿ. ವಿನ್ಯಾಸಕ ಡಿಕ್ ಡೆನ್ನಿ. ದಿ ಶ್ಯಾಡೋಸ್‌ನಂಥ ತಂಡಗಳಿಗೆ ಹದಿನೈದು ವಾಟ್‌ಗಳ ಎಸಿ15 ಸಾಲದಾದಾಗ ಇದು ರೂಪುಗೊಂಡಿತು, ಬೀಟಲ್ಸ್ ಇದನ್ನು ಜಗತ್ತಿಗೆ ಪರಿಚಯಿಸಿದರು. ನಾಲ್ಕು ಇಎಲ್84 ವಾಲ್ವ್‌ಗಳು (ಸಂಕೇತವನ್ನು ವರ್ಧಿಸುವ ನಿರ್ವಾತ ನಳಿಗೆಗಳು), 12 ಇಂಚಿನ ಎರಡು ಸ್ಪೀಕರ್‌ಗಳು, ಸುಮಾರು 30 ವಾಟ್ ಸಾಮರ್ಥ್ಯ. ಕಾಗದದ ಮೇಲೆ ಇದು ಅಷ್ಟೇನೂ ದೊಡ್ಡದೆನಿಸುವುದಿಲ್ಲ. ಆದರೆ ಇದರ ಅಂತಿಮ ಹಂತದಲ್ಲಿ ನೆಗೆಟಿವ್ ಫೀಡ್‌ಬ್ಯಾಕ್ ಇಲ್ಲ. ಬೇರೆ ಹಲವು ಆಂಪ್ಲಿಫೈಯರ್‌ಗಳಲ್ಲಿ ಹೊರಬರುವ ಸಂಕೇತದ ಒಂದು ಅಂಶವನ್ನು ಹಿಂದಕ್ಕೆ ಕೊಟ್ಟು ದೋಷಗಳನ್ನು ತಿದ್ದಲಾಗುತ್ತದೆ. ಅಂಥವು ಒಂದು ಮಟ್ಟದವರೆಗೆ ಸ್ವಚ್ಛವಾಗಿದ್ದು, ಮಿತಿ ದಾಟಿದೊಡನೆ ಥಟ್ಟನೆ ಒಡೆದುಹೋಗುತ್ತವೆ. ಎಸಿ30ರಲ್ಲಿ ಆ ತಿದ್ದುಪಡಿ ಇಲ್ಲದ ಕಾರಣ ಸ್ವಚ್ಛ ಧ್ವನಿಯಿಂದ ಡಿಸ್ಟಾರ್ಷನ್‌ಗೆ ಹೋಗುವ ದಾರಿ ಇಳಿಜಾರಿನಂತೆ ನಿಧಾನ. ಮೆಲ್ಲಗೆ ಮೀಟಿದರೆ ಒಂದು ಬಗೆ, ಗಟ್ಟಿಯಾಗಿ ಮೀಟಿದರೆ ಇನ್ನೊಂದು ಬಗೆ, ನಡುವೆ ಎಷ್ಟೋ ಮಜಲುಗಳು. ಮೇ ಬಳಸುವುದು ಇದರ 'ನಾರ್ಮಲ್' ಚಾನೆಲ್ಲನ್ನು. ಅದರಲ್ಲಿ ಬಾಸ್, ಟ್ರೆಬಲ್ ಗುಂಡಿಗಳಿಲ್ಲ; ವಾಲ್ಯೂಮ್ ಒಂದೇ. ಆ ಗುಂಡಿಯನ್ನು ಪೂರ್ತಿ ತಿರುಗಿಸಿಬಿಡುತ್ತಾರೆ.

ಹೀಗೆ ಪೂರ್ತಿ ತೆರೆದ ನಾರ್ಮಲ್ ಚಾನೆಲ್ಲಿಗೆ ಸರಣಿಯಲ್ಲಿ ಕೂಡಿದ ಪಿಕಪ್‌ಗಳ ದಪ್ಪನೆಯ ಸಂಕೇತವನ್ನು ನೇರವಾಗಿ ಕೊಟ್ಟರೆ ಏನಾಗುತ್ತದೆ? ಕೆಳಗಿನ ಸ್ವರಗಳು ಒಂದರ ಮೇಲೊಂದು ಬಿದ್ದು ಧ್ವನಿ ರಾಡಿಯಾಗುತ್ತದೆ. ಟ್ರೆಬಲ್ ಬೂಸ್ಟರ್ ಬೇಕಾಗುವುದು ಇಲ್ಲಿ. ಒಂದೇ ಒಂದು ಟ್ರಾನ್ಸಿಸ್ಟರ್, ಕೆಲವು ರೆಸಿಸ್ಟರ್, ಕೆಪಾಸಿಟರ್‌ಗಳಿರುವ ಸರಳ ಮಂಡಲವಿದು. ಸಂಕೇತ ಒಳಬರುವ ದಾರಿಯಲ್ಲಿರುವ ಕೆಪಾಸಿಟರ್ ತೀರಾ ಚಿಕ್ಕ ಬೆಲೆಯದಾದ್ದರಿಂದ ಕೆಳಗಿನ ಆವೃತ್ತಿಗಳು ಸುಲಭವಾಗಿ ದಾಟುವುದಿಲ್ಲ. ಮೇಲಿನವು ದಾಟಿ ಹಲವು ಪಟ್ಟು ವರ್ಧನೆಗೊಳ್ಳುತ್ತವೆ. ಹೀಗೆ ಮೊದಲೇ ತೆಳ್ಳಗಾದ, ಆದರೆ ಬಲವಾದ ಸಂಕೇತ ಎಸಿ30ರ ಮೊದಲ ವಾಲ್ವನ್ನು ತುಂಬಿ ಹರಿಯುವಂತೆ ಮಾಡುತ್ತದೆ. ಕಳೆದುಹೋದ ದಪ್ಪವನ್ನು ಆಂಪ್ಲಿಫೈಯರಿನ ಡಿಸ್ಟಾರ್ಷನ್ ಮರಳಿ ಒದಗಿಸುತ್ತದೆ. ಬೂಸ್ಟರ್ ಒಂದನ್ನೇ ಸ್ವಚ್ಛವಾದ ಆಂಪ್ಲಿಫೈಯರಿನ ಮೂಲಕ ಕೇಳಿದವರು ಕಿವಿ ಮುಚ್ಚಿಕೊಳ್ಳುತ್ತಾರೆ; ನಾರ್ಮಲ್ ಚಾನೆಲ್ ಒಂದನ್ನೇ ಕೇಳಿದವರಿಗೆ ಕಂಬಳಿ ಹೊದಿಸಿದಂತೆ ಅನಿಸುತ್ತದೆ. ರೇಂಜ್‌ಮಾಸ್ಟರ್‌ನಲ್ಲಿದ್ದದ್ದು ಒಸಿ44 ಎಂಬ ಜರ್ಮೇನಿಯಂ ಟ್ರಾನ್ಸಿಸ್ಟರ್. ನಂತರದ ವರ್ಷಗಳಲ್ಲಿ ಪೀಟ್ ಕಾರ್ನಿಷ್, ಗ್ರೆಗ್ ಫ್ರಯರ್, ನೈಜೆಲ್ ನೈಟ್ ಮೊದಲಾದವರು ಮೇ ಅವರಿಗಾಗಿ ಬೇರೆ ಬೇರೆ ಬೂಸ್ಟರ್‌ಗಳನ್ನು ಕಟ್ಟಿಕೊಟ್ಟಿದ್ದಾರೆ. ತತ್ವ ಮಾತ್ರ ಅದೇ.

ವೇದಿಕೆಯ ಮೇಲೆ ಮೇ ಪೆಡಲ್‌ಗಳನ್ನು ತುಳಿದು ಡಿಸ್ಟಾರ್ಷನ್ ಹಚ್ಚಿ ಆರಿಸುವುದನ್ನು ನೀವು ಕಾಣುವುದಿಲ್ಲ. ಬೂಸ್ಟರ್ ಸದಾ ಚಾಲೂ, ಆಂಪ್ಲಿಫೈಯರ್ ಸದಾ ಪೂರ್ತಿ ತೆರೆದದ್ದು. ಸ್ವಚ್ಛವಾದ ಸ್ವರ ಬೇಕಾದಾಗ ಗಿಟಾರಿನ ವಾಲ್ಯೂಮ್ ಗುಂಡಿಯನ್ನು ಕೆಳಗಿಳಿಸುತ್ತಾರೆ, ಸೋಲೋ ಬಂದಾಗ ಏರಿಸುತ್ತಾರೆ. ಹಾಡಿನ ನಡುವೆ ಅವರ ಬಲಗೈ ಕಿರುಬೆರಳು ಎಷ್ಟು ಸಲ ಆ ಗುಂಡಿಯತ್ತ ಹೋಗುತ್ತದೆ ಎಂದು ಯಾವುದಾದರೂ ನೇರ ಕಛೇರಿಯ ದೃಶ್ಯದಲ್ಲಿ ಗಮನಿಸಿ. ಅವರನ್ನು ಅನುಕರಿಸಲು ಹೊರಟ ಹೆಚ್ಚಿನವರು ಸೋಲುವುದು ಇಲ್ಲೇ. ಗುಂಡಿಯನ್ನು ಹತ್ತಕ್ಕೆ ಇಟ್ಟು ಮರೆತುಬಿಡುತ್ತಾರೆ.

ವೇದಿಕೆಯ ಮೇಲೆ ಎಸಿ30ಗಳು ಸಾಲಾಗಿ ನಿಂತಿರುವುದಕ್ಕೆ ಕಾರಣ ಗದ್ದಲ ಮಾತ್ರವಲ್ಲ. 'ಬ್ರೈಟನ್ ರಾಕ್' ಹಾಡಿನ ದೀರ್ಘ ಸೋಲೋದಲ್ಲಿ ಮೇ ತಮ್ಮದೇ ಪ್ರತಿಧ್ವನಿಯ ಜೊತೆ ಜುಗಲ್‌ಬಂದಿ ನಡೆಸುತ್ತಾರೆ. ನುಡಿಸಿದ ಸ್ವರ ಒಂದು ಗುಂಪಿನ ಆಂಪ್ಲಿಫೈಯರ್‌ಗಳಿಂದ ಬರುತ್ತದೆ, ಸ್ವಲ್ಪ ತಡವಾಗಿ ಅದೇ ಸ್ವರ ಎರಡನೆಯ ಗುಂಪಿನಿಂದ, ಇನ್ನಷ್ಟು ತಡವಾಗಿ ಮೂರನೆಯ ಗುಂಪಿನಿಂದ. ಇದಕ್ಕಾಗಿ ಎಕೋಪ್ಲೆಕ್ಸ್ ಎಂಬ ಟೇಪ್ ಯಂತ್ರದ ಒಳಗಿನ ಹಳಿಯನ್ನು ಉದ್ದಗೊಳಿಸಿ, ಕಂಪನಿ ಕೊಟ್ಟದ್ದಕ್ಕಿಂತ ಹೆಚ್ಚು ವಿಳಂಬ ಸಿಗುವಂತೆ ಮಾಡಿಕೊಂಡಿದ್ದರು. ವಿಳಂಬಕ್ಕೆ ಸರಿಯಾಗಿ ಸ್ವರಗಳನ್ನು ಆಯ್ದರೆ ಒಬ್ಬನೇ ವಾದಕ ಮೂರು ಸ್ವರಗಳ ಮೇಳವನ್ನು ಕಟ್ಟಬಹುದು. ಮೂರು ಸಂಕೇತಗಳನ್ನೂ ಒಂದೇ ಆಂಪ್ಲಿಫೈಯರಿಗೆ ಕೊಟ್ಟಿದ್ದರೆ ಡಿಸ್ಟಾರ್ಷನ್ ಅವನ್ನೆಲ್ಲ ಕಲಸಿ ಗೊಂದಲವನ್ನಷ್ಟೇ ಕೊಡುತ್ತಿತ್ತು. ಅದಕ್ಕೇ ಪ್ರತ್ಯೇಕ ಆಂಪ್ಲಿಫೈಯರ್‌ಗಳು.

ಈಗ 'ಗುಡ್ ಕಂಪನಿ'. 1975ರ 'ಎ ನೈಟ್ ಅಟ್ ದಿ ಆಪರಾ' ಆಲ್ಬಮ್ಮಿನ ಈ ಹಾಡಿನಲ್ಲಿ ಕೇಳಿಸುವ ಹಳೆಯ ಕಾಲದ ಜಾಝ್ ವಾದ್ಯವೃಂದ ಪೂರ್ತಿಯಾಗಿ ರೆಡ್ ಸ್ಪೆಷಲ್‌ನದು. ಆರಂಭದ ವರ್ಷಗಳಲ್ಲಿ ಕ್ವೀನ್ ತಮ್ಮ ಧ್ವನಿಮುದ್ರಣಗಳಲ್ಲಿ ಸಿಂಥಸೈಜರ್ ಬಳಸುತ್ತಿರಲಿಲ್ಲ, ಅದನ್ನು ಆಲ್ಬಮ್ಮಿನ ಹೊದಿಕೆಯ ಮೇಲೆ ಮುದ್ರಿಸುತ್ತಲೂ ಇದ್ದರು. ಈ ನಿಯಮ ಮುರಿದದ್ದು 1980ರ 'ದಿ ಗೇಮ್'ನಲ್ಲಿ. ತುತ್ತೂರಿ, ಟ್ರಾಂಬೋನ್, ಕ್ಲಾರಿನೆಟ್‌ಗಳ ಗತಿಯನ್ನು ಮೇ ಗಮನವಿಟ್ಟು ಕೇಳಿ, ಗಾಳಿವಾದ್ಯದ ಸ್ವರ ಹೇಗೆ ಉಬ್ಬಿ ಹೇಗೆ ಇಳಿಯುತ್ತದೆಯೋ ಹಾಗೆ ಕೇಳಿಸುವಂತೆ ಪ್ರತಿ ಸ್ವರವನ್ನೂ ಪೆಡಲ್ ಮತ್ತು ಟ್ರೆಮೊಲೊ ಸನ್ನೆಗಳಿಂದ ರೂಪಿಸಿದರು. ಕೆಲವು ಕಡೆ ಒಂದೆರಡು ಸ್ವರಗಳನ್ನಷ್ಟೇ ಮುದ್ರಿಸಿ, ನಿಲ್ಲಿಸಿ, ಮುಂದಿನದಕ್ಕೆ ಹೋಗುವಷ್ಟು ತಾಳ್ಮೆ ಬೇಕಾದ ಕೆಲಸವದು.

ಆದರೆ ಇದಕ್ಕೆ ಬಳಸಿದ್ದು ಎಸಿ30 ಅಲ್ಲ. ಕ್ವೀನ್‌ನ ಬಾಸ್ ವಾದಕ ಜಾನ್ ಡೀಕನ್ ಎಲೆಕ್ಟ್ರಾನಿಕ್ಸ್ ಪದವೀಧರರು. 1972ರ ಸುಮಾರಿಗೆ ಲಂಡನ್ನಿನ ಬೀದಿಬದಿಯ ಕಸದ ತೊಟ್ಟಿಯೊಂದರಲ್ಲಿ ತಂತಿಗಳು ನೇತಾಡುತ್ತಿದ್ದ ಒಂದು ಸರ್ಕಿಟ್ ಬೋರ್ಡ್ ಅವರ ಕಣ್ಣಿಗೆ ಬಿತ್ತು. ಅದನ್ನು ಮನೆಗೆ ತಂದು, ಹಳೆಯ ಚಿಕ್ಕ ಸ್ಪೀಕರ್ ಪೆಟ್ಟಿಗೆಯೊಂದರಲ್ಲಿ ಕೂರಿಸಿ, ಅಭ್ಯಾಸಕ್ಕೆಂದು ಪುಟ್ಟ ಆಂಪ್ಲಿಫೈಯರ್ ಮಾಡಿಕೊಂಡರು. ಅದಕ್ಕೆ ವಾಲ್ಯೂಮ್ ಗುಂಡಿಯಿಲ್ಲ, ಟೋನ್ ಗುಂಡಿಯಿಲ್ಲ. 9 ವೋಲ್ಟ್‌ನ ಪಿಪಿ9 ಬ್ಯಾಟರಿ ಜೋಡಿಸಿದರೆ ಹಾಡುತ್ತದೆ, ತೆಗೆದರೆ ಸುಮ್ಮನಾಗುತ್ತದೆ. ಮೇ ಅದಕ್ಕೆ ತಮ್ಮ ಟ್ರೆಬಲ್ ಬೂಸ್ಟರ್ ಮತ್ತು ರೆಡ್ ಸ್ಪೆಷಲ್ ಜೋಡಿಸಿ ನೋಡಿದಾಗ ಗಿಟಾರ್ ಪಿಟೀಲಿನಂತೆ, ಚೆಲ್ಲೋದಂತೆ, ಕೊಂಬಿನಂತೆ ನಯವಾಗಿ ದೀರ್ಘವಾಗಿ ನುಡಿಯತೊಡಗಿತು. 'ಡೀಕಿ ಆಂಪ್' ಎಂದು ಹೆಸರಾದ ಈ ಪೆಟ್ಟಿಗೆ ಮತ್ತೆ ಡೀಕನ್ ಅವರಿಗೆ ಮರಳಲೇ ಇಲ್ಲ. 1974ರ 'ಕ್ವೀನ್ II' ಆಲ್ಬಮ್ಮಿನ ಆರಂಭದ 'ಪ್ರೊಸೆಷನ್' ಇದರ ಗುಣವನ್ನು ಅರಿಯಲು ಅತ್ಯುತ್ತಮ ಉದಾಹರಣೆ.

ದಶಕಗಳ ನಂತರ ಆಸ್ಟ್ರೇಲಿಯದ ಗಿಟಾರ್ ತಯಾರಕ ಗ್ರೆಗ್ ಫ್ರಯರ್ ಮತ್ತು ಇಂಗ್ಲೆಂಡಿನ ನೈಜೆಲ್ ನೈಟ್ ಈ ಪೆಟ್ಟಿಗೆಯ ಪ್ರತಿಕೃತಿ ಮಾಡಲು ಅದನ್ನು ವಿವರವಾಗಿ ಅಧ್ಯಯನ ಮಾಡಿದಾಗ, ಆ ಬೋರ್ಡ್ ಸೂಪರ್‌ಸಾನಿಕ್ ಪಿಆರ್80 ಎಂಬ ಒಯ್ಯಬಹುದಾದ ರೇಡಿಯೋದ ಭಾಗವೆಂದು ತಿಳಿದುಬಂತು. ಮರ್ಫಿ, ಫಿಲಿಪ್ಸ್ ರೇಡಿಯೋಗಳನ್ನು ಬಿಚ್ಚಿ ನೋಡಿದ ಹಿರಿಯರಿಗೆ ಇದರ ವಿನ್ಯಾಸ ಹೊಸದಲ್ಲ: ಜರ್ಮೇನಿಯಂ ಟ್ರಾನ್ಸಿಸ್ಟರ್‌ಗಳು, ಅವುಗಳ ನಡುವೆ ಒಂದು ಚಿಕ್ಕ ಟ್ರಾನ್ಸ್‌ಫಾರ್ಮರ್, ಸ್ಪೀಕರಿನ ಮುಂಚೆ ಇನ್ನೊಂದು. ಮಿತಿ ದಾಟಿದಾಗ ಜರ್ಮೇನಿಯಂ ಮೆತ್ತಗೆ ಬಾಗುತ್ತದೆ, ಟ್ರಾನ್ಸ್‌ಫಾರ್ಮರ್‌ಗಳು ಮೇಲಿನ ಮತ್ತು ಕೆಳಗಿನ ತುದಿಗಳನ್ನು ಕತ್ತರಿಸುತ್ತವೆ, ಉಳಿಯುವುದು ಮನುಷ್ಯ ಕಂಠಕ್ಕೆ ಹತ್ತಿರದ ನಡುಭಾಗ. ಹತ್ತಾರು ಗಿಟಾರ್ ಪದರಗಳನ್ನು ಒಂದರ ಮೇಲೊಂದು ಹೇರಿದರೂ ಧ್ವನಿ ಗಿಜಿಗುಟ್ಟದಿರಲು ಈ ಕತ್ತರಿಕೆಯೇ ಕಾರಣ. ನನ್ನ ದೃಷ್ಟಿಯಲ್ಲಿ ರಾಕ್ ಸಂಗೀತದ ಧ್ವನಿಮುದ್ರಣ ಚರಿತ್ರೆಯಲ್ಲಿ ಇಷ್ಟು ಕಡಿಮೆ ಬೆಲೆಗೆ ಇಷ್ಟು ಕೆಲಸ ಮಾಡಿದ ಉಪಕರಣ ಇನ್ನೊಂದಿಲ್ಲ.

ಮೇ ಬಳಸಿದ ಇತರ ಗಿಟಾರ್‌ಗಳ ಬಗ್ಗೆ ಚಿಕ್ಕದಾಗಿ ಹೇಳಿದರೆ ಸಾಕು. 1979ರ 'ಕ್ರೇಜಿ ಲಿಟಲ್ ಥಿಂಗ್ ಕಾಲ್ಡ್ ಲವ್' ಹಾಡಿನ ಸೋಲೋಗೆ ಡ್ರಮ್ಮರ್ ರೋಜರ್ ಟೇಲರ್ ಅವರ ಫೆಂಡರ್ ಗಿಟಾರನ್ನು ಎರವಲು ಪಡೆದಿದ್ದರು. 'ಲವ್ ಆಫ್ ಮೈ ಲೈಫ್' ಹಾಡನ್ನು ವೇದಿಕೆಯಲ್ಲಿ ನುಡಿಸಲು ಒವೇಷನ್ ಕಂಪನಿಯ ಹನ್ನೆರಡು ತಂತಿಗಳ ಗಿಟಾರ್ ಇತ್ತು. ಜಾನ್ ಬರ್ಚ್ ಮಾಡಿಕೊಟ್ಟ ರೆಡ್ ಸ್ಪೆಷಲ್ ಪ್ರತಿಕೃತಿ ಎಪ್ಪತ್ತರ ದಶಕದಲ್ಲಿ ಮೀಸಲು ವಾದ್ಯವಾಗಿತ್ತು; 1982ರ ಅಮೆರಿಕ ಪ್ರವಾಸದಲ್ಲಿ ಮೇ ಸಿಟ್ಟಿಗೆದ್ದು ಅದನ್ನು ಎಸೆದು ಮುರಿದರು. ನಮ್ಮ ಓದುಗರಿಗೆ ಹೆಚ್ಚು ಆಸಕ್ತಿ ಹುಟ್ಟಿಸಬಹುದಾದದ್ದು ಹಾಲ್‌ಫ್ರೆಡ್ ಎಂಬ ಅಗ್ಗದ ಅಕೂಸ್ಟಿಕ್ ಗಿಟಾರ್. ಅದರ ಬ್ರಿಡ್ಜನ್ನು ತಗ್ಗಿಸಿ, ತಂತಿಗಳು ಅದರ ಮೇಲೆ ಸವರಿಕೊಂಡು ಝೇಂಕರಿಸುವಂತೆ ಮೇ ಮಾಡಿಕೊಂಡಿದ್ದರು. 'ವೈಟ್ ಕ್ವೀನ್' ಹಾಡಿನಲ್ಲಿ ಸಿತಾರಿನಂತೆ ಕೇಳಿಸುವುದು ಅದೇ. ಸಿತಾರಿನ ಜವಾರಿಯಲ್ಲಿ, ತಂಬೂರಿಯ ಕುದುರೆಯ ಮೇಲೆ ನಡೆಯುವುದೂ ಇದೇ ಕ್ರಿಯೆ.

ಮೂಲ ರೆಡ್ ಸ್ಪೆಷಲ್ ಇಂದಿಗೂ ಅವರ ಮುಖ್ಯ ವಾದ್ಯ. 1998ರಲ್ಲಿ ಫ್ರಯರ್ ಅದನ್ನು ಜೀರ್ಣೋದ್ಧಾರ ಮಾಡಿದರು. 2002ರ ಜೂನ್‌ನಲ್ಲಿ ಬಕಿಂಗ್‌ಹ್ಯಾಮ್ ಅರಮನೆಯ ಛಾವಣಿಯ ಮೇಲೆ ನಿಂತು ಮೇ ಬ್ರಿಟನ್ನಿನ ರಾಷ್ಟ್ರಗೀತೆ ನುಡಿಸಿದ್ದು ಅದರಲ್ಲೇ.

ಕೊನೆಯದಾಗಿ ನೀವು ಏನು ಮಾಡಬಹುದು ಎಂಬ ವಿಷಯ. ಬ್ರಯಾನ್ ಮೇ ಗಿಟಾರ್ಸ್ ಹೆಸರಿನಲ್ಲಿ ಅಧಿಕೃತ ಪ್ರತಿಕೃತಿಗಳು ಮಾರಾಟವಾಗುತ್ತವೆ, ಸ್ವಿಚ್‌ಗಳ ಜೋಡಣೆ ಮೂಲದಂತೆಯೇ ಇದೆ. ಆದರೆ ಹಣ ಖರ್ಚು ಮಾಡಲು ನಿಮ್ಮಲ್ಲಿ ಒಂದೇ ಅವಕಾಶವಿದ್ದರೆ ಗಿಟಾರನ್ನು ಕೊನೆಗಿಡಿ. ಮೊದಲು ಒಂದು ಟ್ರೆಬಲ್ ಬೂಸ್ಟರ್, ನಂತರ ಎಸಿ30 ಮಾದರಿಯ ಚಿಕ್ಕ ಆಂಪ್ಲಿಫೈಯರ್ ಅಥವಾ ಅದರ ಡಿಜಿಟಲ್ ಮಾದರಿ. 30 ವಾಟ್‌ಗಳ ವಾಲ್ವ್ ಆಂಪ್ಲಿಫೈಯರನ್ನು ಪೂರ್ತಿ ತೆರೆದರೆ ಅಪಾರ್ಟ್‌ಮೆಂಟ್ ಇರಲಿ, ಒಂಟಿ ಮನೆಯಲ್ಲೂ ನೆರೆಯವರು ಸಹಿಸುವುದಿಲ್ಲ. ಸಿಂಗಲ್ ಕಾಯಿಲ್ (ಒಂದೇ ಸುರುಳಿಯ) ಪಿಕಪ್‌ಗಳಿರುವ ಯಾವುದೇ ಗಿಟಾರಿನಲ್ಲಿ ಎರಡು ಪಿಕಪ್‌ಗಳನ್ನು ಸರಣಿಯಲ್ಲಿ ಜೋಡಿಸುವ ಸ್ವಿಚ್ ಒಂದನ್ನು ಬಲ್ಲವರಿಂದ ಹಾಕಿಸಿಕೊಂಡರೆ ಮೂಲದ ಬಹುಪಾಲು ಗುಣ ದೊರೆಯುತ್ತದೆ. ಬೂಸ್ಟರನ್ನು ಗಿಟಾರಿನ ನಂತರ ಮೊದಲನೆಯದಾಗಿ ಇಡಿ. ನಡುವೆ ಬೇರೆ ಪೆಡಲ್ ಬಂದರೆ ವಾಲ್ಯೂಮ್ ಗುಂಡಿ ಇಳಿಸಿದಾಗ ಧ್ವನಿ ಸ್ವಚ್ಛವಾಗುವ ಗುಣ ಕೆಡುತ್ತದೆ.

ಬೂಸ್ಟರನ್ನು ಸ್ವತಃ ಕಟ್ಟುವ ಉತ್ಸಾಹವಿದ್ದರೆ ಅದೂ ಕಷ್ಟವಲ್ಲ. ಒಂದು ಕಾಲದಲ್ಲಿ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಕೂಡ ಜರ್ಮೇನಿಯಂ ಟ್ರಾನ್ಸಿಸ್ಟರ್‌ಗಳನ್ನು ತಯಾರಿಸುತ್ತಿತ್ತು. ಹಳೆಯ ರೇಡಿಯೋ ರಿಪೇರಿಯವರ ಡಬ್ಬಿಗಳಲ್ಲಿ, ಎಸ್.ಪಿ. ರಸ್ತೆಯ ಹಳೆಯ ಬಿಡಿಭಾಗಗಳ ಅಂಗಡಿಗಳಲ್ಲಿ ವಿಚಾರಿಸಿ ನೋಡಬಹುದು. ಜರ್ಮೇನಿಯಂನಲ್ಲಿ ಸೋರುವ ಕರೆಂಟ್ ಹೆಚ್ಚು, ಬಿಸಿ ಏರಿದಂತೆ ಅದು ಇನ್ನೂ ಹೆಚ್ಚುತ್ತದೆ. ಆದ್ದರಿಂದ ಪ್ರತಿ ಟ್ರಾನ್ಸಿಸ್ಟರನ್ನೂ ಅಳೆದು ನೋಡಿ ಆರಿಸಬೇಕು. ಚಳಿಗಾಲದಲ್ಲಿ ಸರಿಹೊಂದಿಸಿದ ಬೂಸ್ಟರ್ ಏಪ್ರಿಲ್‌ನ ಬಿಸಿಲಿಗೆ ಬೇರೆಯೇ ಧ್ವನಿ ಕೊಟ್ಟರೆ ಆಶ್ಚರ್ಯಪಡಬೇಡಿ. ಇಂಥ ತಾಪತ್ರಯ ಬೇಡವೆಂದಾದರೆ ಸಿಲಿಕಾನ್ ಟ್ರಾನ್ಸಿಸ್ಟರ್ ಬಳಸಿದ ಬೂಸ್ಟರ್ ಕಟ್ಟಿಕೊಳ್ಳಿ, ಮೇ ಅವರೂ ಅಂಥವನ್ನು ವರ್ಷಗಟ್ಟಲೆ ಬಳಸಿದ್ದಾರೆ. ಹಳೆಯ ಜರ್ಮೇನಿಯಂ ವಿನ್ಯಾಸವನ್ನೇ ಆರಿಸಿದರೆ ಒಂದು ಎಚ್ಚರಿಕೆ: ಅದರಲ್ಲಿ ಬ್ಯಾಟರಿಯ ಧನಧ್ರುವ ನೆಲಕ್ಕೆ ಸೇರಿರುತ್ತದೆ, ಉಳಿದ ಪೆಡಲ್‌ಗಳಲ್ಲಿ ಋಣಧ್ರುವ. ಎಲ್ಲವನ್ನೂ ಒಂದೇ ಅಡಾಪ್ಟರಿಗೆ ಸಿಕ್ಕಿಸಿದರೆ ಶಾರ್ಟ್ ಆಗುತ್ತದೆ. ಬೂಸ್ಟರಿಗೆ ಪ್ರತ್ಯೇಕ ಬ್ಯಾಟರಿಯನ್ನೇ ಇಟ್ಟುಕೊಳ್ಳಿ.